ಸೊರಬದ ಗೆರೆ ಯಾಕೆ ಇಳಿಯಿತು?

ಗಂಗಾಶ್ರೀ: ಬೀಗದ ಕೈ ಕೊಡಲ್ಲ ಅಂದ್ರೆ ಕೊಡಲ್ಲ ಅಪ್ಪಾಜಿ. ಇನ್ನೊಂದೇ ಒಂದು ತಿಂಗಳು ನೋಡೋಣ.

ಪಂಚಾಕ್ಷರಪ್ಪ: ನೋಡಿದ್ದಾಯ್ತಲ್ಲವ್ವ. ದಸರಾ ಆದ್ಮೇಲೆ ಒಂದು ತಿಂಗಳು ಅಂದಿ, ಹೂಂ ಅಂದೆ. ದೀಪಾವಳಿ ಆದ್ಮೇಲೆ ಇನ್ನೊಂದು ಅಂದಿ, ಅದಕ್ಕೂ ಹೂಂ ಅಂದೆ. ಈಗೂ ಹೂಂ ಅಂದ್ರೆ ಯುಗಾದಿ ತನಕ ಹೂಂ ಅಂತಾನೇ ಕೂತಿರ್ಬೇಕಾಗ್ತೈತೆ. ಉಚ್ಚಂಗಪ್ಪ ಬಸ್ ಹತ್ತ್ಯಾರಂತೆ. ಮಳಿಗೆ ಅವರದ್ದು, ಬೀಗ ಅವರದ್ದು. ಕೈಗೆ ಕೊಟ್ಟು ಕೈ ಮುಗಿದುಬಿಡು.

ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದ ಎದುರು ಪಂಚಾಕ್ಷರಪ್ಪನವರದು ತಾಡಪಾಲು, ಹಗ್ಗ, ಗೋಣಿಚೀಲಗಳ ಅಂಗಡಿ. ಮೂವತ್ತು ವರ್ಷದಿಂದ ಅದೇ ಗಾದಿ, ಅದೇ ದಿಂಬು. ಎರಡು ವರ್ಷದ ಹಿಂದೆ ಮಗಳು ಗಂಗಾಶ್ರೀ ಹಟ ಹಿಡಿದು ಸೊರಬದಲ್ಲಿ ಇನ್ನೊಂದು ಅಂಗಡಿ ತೆರೆದಳು. ಬೋರ್ಡಿನ ಬಣ್ಣ ಅವಳೇ ಆರಿಸಿದ್ದು, ಗೋಡೆಗೆ ಹಲಗೆ ಹೊಡೆಸುವಾಗ ಬಡಗಿಯ ಜೊತೆ ಜಗಳವಾಡಿದ್ದೂ ಅವಳೇ. ಈಗ ಅದನ್ನು ಮುಚ್ಚುವ ದಿನ ಬಂದಿದೆ. ಮೂರು ದಿನ ಸೊರಬದಲ್ಲೇ ಇದ್ದು, ಉಳಿದ ಸಾಮಾನಿನ ಪಟ್ಟಿ ಮಾಡಿ, ಬಾಗಿಲೆಳೆದು ಬಂದಿದ್ದಾಳೆ. ಬೀಗದ ಕೈ ಅವಳ ಮುಷ್ಟಿಯಲ್ಲಿದೆ, ಮುಷ್ಟಿ ಬಿಚ್ಚುತ್ತಿಲ್ಲ.

ಗಾದಿಯ ಪಕ್ಕ ದೊಡ್ಡ ಕಂಪ್ಯೂಟರ್ ಪರದೆ. ಅದರಲ್ಲಿ ಎರಡು ಅಂಗಡಿಗಳ ವ್ಯಾಪಾರ ತೋರಿಸುವ ಎರಡು ಗೆರೆ. ಶಿಕಾರಿಪುರದ ಹಸಿರು ಗೆರೆ ಸಂಜೆ ಮನೆಗೆ ಬರುವ ದನದ ಹಾಗೆ ನೆಟ್ಟಗೆ ನಡೆದಿದೆ. ಸೊರಬದ ಕೆಂಪು ಗೆರೆ ದಸರಾವರೆಗೆ ಜೊತೆಯಲ್ಲೇ ಬಂದು, ಅಲ್ಲಿಂದ ಮುಂದೆ ಬಾವಿಗೆ ಬಿದ್ದಿದೆ.

ಗಂಗಾಶ್ರೀ: ಗೆರೆ ಇಳೀತು ಅಂತ ಅಂಗಡಿ ಮುಚ್ಚೋದಾ? ಯಾಕೆ ಇಳೀತು ಅಂತ ಮೊದಲು ಗೊತ್ತಾಗ್ಬೇಕು. ಅದಕ್ಕೇ ಅಲ್ವಾ ನಾನು ಹೊರಗಿನ ಮಾಹಿತಿ ಎಲ್ಲಾ ತಂದು ಈ ಡ್ಯಾಶ್‌ಬೋರ್ಡಿಗೆ ಜೋಡಿಸಿದ್ದು?

ಪಂಚಾಕ್ಷರಪ್ಪ: ಏನೇನು ಜೋಡಿಸಿದಿ, ಹೇಳು.

ಗಂಗಾಶ್ರೀ: ಮಳೆ, ಗಾಳಿ, ಬಿಸಿಲು. ಭತ್ತದ ದರ, ಮೆಕ್ಕೆಜೋಳದ ದರ. ಸರ್ಕಾರಿ ರಜೆ.

ಪಂಚಾಕ್ಷರಪ್ಪ: ನಮ್ಮ ಅಂಗಡಿಗೆ ಸರ್ಕಾರಿ ರಜೆ ಯಾಕವ್ವ? ನಾವೇನು ತಾಲ್ಲೂಕಾಫೀಸಾ?

ಗಂಗಾಶ್ರೀ: ರಜೆ ದಿನ ಜನ ಪೇಟೆಗೆ ಬರ್ತಾರೋ ಇಲ್ವೋ ನೋಡೋಕೆ. ಎಪಿಐ ಅಂತ ಇರ್ತದೆ ಅಪ್ಪಾಜಿ. ಎಲ್ರಿಗೂ ತೆರೆದಿಟ್ಟಿರೋ ಕಿಟಕಿ ಅಂದ್ಕೊಳ್ಳಿ. ನಮ್ಮ ಕಂಪ್ಯೂಟರ್ ಆ ಕಿಟಕಿ ಹತ್ರ ಹೋಗಿ, ‘ನಾಳೆ ಸೊರಬದಲ್ಲಿ ಮಳೆ ಎಷ್ಟು?’ ಅಂತ ಕೇಳ್ತದೆ. ಒಳಗಿಂದ ಉತ್ತರ ಬರ್ತದೆ. ಮಳೆ ಸಾಧ್ಯತೆ ಅರವತ್ತು ಪರ್ಸೆಂಟ್ ದಾಟಿದ್ರೆ, ‘ತಾಡಪಾಲು ಸಿಗ್ತದೆ, ಬನ್ನಿ’ ಅಂತ ನಮ್ಮ ಗಿರಾಕಿಗಳಿಗೆಲ್ಲ ತಾನೇ ಮೆಸೇಜ್ ಹೋಗ್ತದೆ.

ಪಂಚಾಕ್ಷರಪ್ಪ: ಕಿಟಕ್ಯಾಗೆ ದುಡ್ಡು ಇಸ್ಕಳ್ಳಲ್ವಾ?

ಗಂಗಾಶ್ರೀ: ಪುಕ್ಕಟೆ.

ಪಂಚಾಕ್ಷರಪ್ಪ: ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂದನಂತೆ. ಹಂಗಾತು ನಿನ್ನ ಕಥೆ. ಮಳೆ ತಂದಿ, ಗಾಳಿ ತಂದಿ, ರಜೆನೂ ತಂದಿ. ಗಿರಾಕಿ ಮಾತ್ರ ತರಲಿಲ್ಲ. ಮೂವತ್ತು ವರ್ಷದಾಗೆ ನಾನು ಯಾರಿಗೂ ಒಂದು ಮೊಳ ಹಗ್ಗ ಪುಕ್ಕಟೆ ಕೊಟ್ಟಿಲ್ಲ. ವ್ಯಾಪಾರ ಅಂದ್ರೆ ಅದು.

ಅಷ್ಟರಲ್ಲಿ ಪಂಚಾಕ್ಷರಪ್ಪನವರ ಫೋನು ಬಡಿದುಕೊಂಡಿತು. ಅವರು ಒಂದು ಕೈಯಲ್ಲಿ ಫೋನ್ ಕಿವಿಗಿಟ್ಟು, ಇನ್ನೊಂದು ಕೈಯಲ್ಲಿ ಕೀಲಿಮಣೆಯ ಗುಂಡಿ ಒತ್ತಿ, ಪರದೆಯತ್ತ ಬಗ್ಗಿದರು.

ಪಂಚಾಕ್ಷರಪ್ಪ: ಹಲೋ... ಆಂ, ಆರಾಮ... ಇಲ್ರೀ, ಹತ್ತೇ ಪರ್ಸೆಂಟು. ಈಗ ತಾನೇ ಒತ್ತಿ ನೋಡಿದೆ. ಹರವ್ರಿ, ಧೈರ್ಯವಾಗಿ ಹರವ್ರಿ.

ಗಂಗಾಶ್ರೀ: ಯಾರದು?

ಪಂಚಾಕ್ಷರಪ್ಪ: ಪರಿಚಯದೋರು. ಹೂಂ, ನೀನು ಬೀಗದ ಕೈ ವಿಷಯ ಹೇಳು.

ಹೇಳುವಷ್ಟರಲ್ಲಿ ಉಚ್ಚಂಗಪ್ಪನವರೇ ಮೆಟ್ಟಿಲು ಹತ್ತಿ ಬಂದರು. ಊರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ, ಕಸುಬು ಭತ್ತ ಬೆಳೆಯುವುದು. ಜೊತೆಗೆ ಸೊರಬ ಪೇಟೆಯಲ್ಲಿ ಒಂದು ಮಳಿಗೆ. ಬಾಡಿಗೆದಾರ ಬಿಡುತ್ತೇನೆಂದಾಗಿನಿಂದ ಅವರ ಮುಖ ಹೆಣ್ಣು ಕಳಿಸಿಕೊಟ್ಟ ಮನೆಯವರ ಮುಖದಂತಾಗಿದೆ.

ಉಚ್ಚಂಗಪ್ಪ: ಎಂಥ ಮಾರಾಯ್ರೆ ಇದು, ನಿಜಕ್ಕೂ ಬಿಡ್ತೀರಾ? ನಿಮ್ಮಂಥೋರು ಬಿಟ್ರೆ ನನ್ನ ಮಳಿಗೆಗೆ ಇನ್ಯಾರು ಬರ್ತಾರೆ? ಹಿಂದೆ ಇದ್ದೋನು ಕೋಳಿ ಅಂಗಡಿ ಇಟ್ಟಿದ್ದ. ಆ ವಾಸನೆ ಹೋಗಿಸಕ್ಕೇ ಒಂದು ಮಳೆಗಾಲ ಬೇಕಾಯ್ತು.

ಪಂಚಾಕ್ಷರಪ್ಪ: ಏನು ಮಾಡೋದು ಉಚ್ಚಂಗಪ್ಪರೇ, ನಿಮ್ಮ ಕಡೆ ಜನ ಗಟ್ಟಿ. ತಾಡಪಾಲು ಮುಟ್ಟಿ ನೋಡ್ತಾರೆ, ಮೂಸಿ ನೋಡ್ತಾರೆ, ಮಡಚಿ ಇಟ್ಟು ಹೋಗ್ತಾರೆ. ಗಂಗಾ, ಕೊಡವ್ವ.

ಗಂಗಾಶ್ರೀ ಮುಷ್ಟಿ ಬಿಚ್ಚಿದಳು. ಬೀಗದ ಕೈ ಉಚ್ಚಂಗಪ್ಪನವರ ಜೇಬಿಗೆ ಇಳಿಯುವುದನ್ನು ನೋಡಲಾರದೆ ಪರದೆಯ ಕಡೆ ತಿರುಗಿದಳು. ಅಳು ಬಂದಿತ್ತು. ಅಳುವ ಬದಲು ಪ್ರಶ್ನೆ ಕೇಳುವುದು ಅವಳ ಸ್ವಭಾವ.

ಗಂಗಾಶ್ರೀ: ಕಾಕಾ, ಕೊನೇದಾಗಿ ಒಂದು ಕೇಳ್ತೀನಿ. ನೀವು ಈ ವರ್ಷ ತಾಡಪಾಲು ತಗೊಂಡ್ರಾ?

ಉಚ್ಚಂಗಪ್ಪ: ಇಲ್ಲ ತಂಗಿ.

ಗಂಗಾಶ್ರೀ: ಭತ್ತದ ದರ ಇಳೀತು ಅಂತನಾ?

ಉಚ್ಚಂಗಪ್ಪ: ದರ ಚೆನ್ನಾಗೇ ಅದೆ. ರೈತ ಹಂಗೆ ಬಾಯಿ ಬಿಟ್ಟು ಹೇಳಬಾರದು, ನೀ ಕೇಳಿದಿ ಅಂತ ಹೇಳಿದೆ.

ಗಂಗಾಶ್ರೀ: ಹಬ್ಬ, ರಜೆ ಅಂತ ಕೆಲಸ ನಿಲ್ಸಿದ್ರಾ?

ಉಚ್ಚಂಗಪ್ಪ: ಭತ್ತಕ್ಕೆ ಎಂಥ ರಜೆ?

ಗಂಗಾಶ್ರೀ: ಬೇರೆ ಅಂಗಡೀಲಿ ತಗೊಂಡ್ರಾ? ನಿಜ ಹೇಳಿ, ಬೇಜಾರಿಲ್ಲ.

ಉಚ್ಚಂಗಪ್ಪ: ಛೆ ಛೆ! ನನ್ನ ಮಳಿಗೇಲಿ ಬಾಡಿಗೆಗಿರೋರನ್ನ ಬಿಟ್ಟು ಬೇರೆ ಕಡೆ ಹೋಗ್ತೀನಾ? ಹಳೇದು ಹರಿದು ಚಿಂದಿ ಆಗಿದೆ. ಹೊಸದು ಬೇಕಾಗ್ಲೇ ಇಲ್ಲ, ಅಷ್ಟೆ. ಮಳೆ ಎಷ್ಟೊತ್ತಿಗೆ ಬರ್ತದೆ ಅಂತ ನಿಮ್ಮಪ್ಪಾಜಿನೇ ಫೋನಲ್ಲಿ ಹೇಳಿಬಿಡ್ತಾರಲ್ಲ!

ಪಂಚಾಕ್ಷರಪ್ಪನವರು ದಿಂಬಿನ ಅಂಚನ್ನು ಸರಿಮಾಡತೊಡಗಿದರು. ಅದು ಸರಿಯಾಗಿಯೇ ಇತ್ತು.

ಗಂಗಾಶ್ರೀ: ಏನು ಹೇಳಿಬಿಡ್ತಾರೆ?

ಉಚ್ಚಂಗಪ್ಪ: ‘ನಾಲ್ಕು ಗಂಟೆ ಮೇಲೆ ಮಳೆ, ಕಣದಲ್ಲಿ ಒಣಗಿಸೋ ಭತ್ತ ಮೂರೂವರೆಗೆ ಮುದುರಿಕೊಳ್ಳಿ’ ಅಂತಾರೆ. ಕರೆಕ್ಟಾಗಿ ಮೂರೂವರೆಗೆ ಮುದುರಿ ಒಳಗಿಡ್ತೀವಿ, ನಾಲ್ಕಕ್ಕೆ ದಬದಬ ಬೀಳ್ತದೆ. ದಸರಾದಿಂದ ಒಂದು ಸಲನೂ ತಪ್ಪಿಲ್ಲ ನೋಡು. ಮೊದಲು ನಾನೊಬ್ಬನೇ ಕೇಳ್ತಿದ್ದೆ. ಆಮೇಲೆ ನಮ್ಮ ಸ್ನೇಹಿತ ಶಾಂತವೀರಪ್ಪಂಗೆ ನಂಬರ್ ಕೊಟ್ಟೆ. ಅವನು ಅವನ ಬೀಗರಿಗೆ ಕೊಟ್ಟ. ಈಗ ನಮ್ಮ ಸುತ್ತ ಯಾರೂ ಆಕಾಶ ನೋಡಲ್ಲ, ಇವರಿಗೇ ಫೋನ್ ಮಾಡೋದು.

ಗಂಗಾಶ್ರೀ: ಅಪ್ಪಾಜಿ!

ಪಂಚಾಕ್ಷರಪ್ಪ: ಕೇಳಿದ್ರು. ಹೇಳಿದೆ. ನಾಲ್ಕು ಅಕ್ಷರ ಓದಿ ಹೇಳಾಕೆ ಏನು ಖರ್ಚಾಗ್ತೈತೆ?

ಗಂಗಾಶ್ರೀ: ನನ್ನ ಅಂಗಡಿ ಖರ್ಚಾಯ್ತು! ಫೋನ್ ಕೊಡಿ ಇಲ್ಲಿ.

ಫೋನ್ ಕಿತ್ತುಕೊಂಡು ಅವಳು ದಿನದಿನದ ಕರೆಗಳನ್ನು ಎಣಿಸಿ ಕಂಪ್ಯೂಟರಿಗೆ ಹಾಕಿದಳು. ಪರದೆಯಲ್ಲಿ ಒಂದು ನೀಲಿ ಗೆರೆ ಮೂಡಿತು. ಸೊರಬದ ಕೆಂಪು ಗೆರೆ ಎಲ್ಲೆಲ್ಲಿ ಇಳಿದಿತ್ತೋ ಅಲ್ಲಲ್ಲಿ ನೀಲಿ ಗೆರೆ ಏರಿತ್ತು.

ಗಂಗಾಶ್ರೀ: ನೋಡಿ! ನಾನು ಹೊರಗಿನ ಮಾಹಿತಿ ಹುಡುಕಿ ಹುಡುಕಿ ತರ್ತಿದ್ದೀನಿ, ಕಾರಣ ನಿಮ್ಮ ಜೇಬಲ್ಲಿ ಇತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನೀವೇ.

ಪಂಚಾಕ್ಷರಪ್ಪ: ಏನವ್ವ ಹಿಂಗಂತಿ? ಶಿಕಾರಿಪುರದೋರೂ ಮಳೆ ಕೇಳ್ತಾರೆ, ಅವರಿಗೂ ಹೇಳ್ತೀನಿ. ಇಲ್ಲಿ ಗೆರೆ ಬಿದ್ದಿಲ್ವಲ್ಲ?

ಗಂಗಾಶ್ರೀ: ಅವರು ಫೋನ್ ಮಾಡಲ್ಲ ಅಪ್ಪಾಜಿ, ಅಂಗಡಿಗೇ ಬರ್ತಾರೆ. ಮಳೆ ಕೇಳ್ಕೊಂಡು, ಹೋಗ್ತಾ ಒಂದು ಹಗ್ಗನೋ ಹತ್ತು ಚೀಲನೋ ತಗೊಂಡು ಹೋಗ್ತಾರೆ. ಸೊರಬದೋರು ಮಾತ್ರ ಕಣದಲ್ಲೇ ನಿಂತು ಕೇಳ್ತಾರೆ. ಒಂದೊಂದು ಫೋನಿಗೂ ಗುಂಡಿ ಒತ್ತುತೀರಾ?

ಪಂಚಾಕ್ಷರಪ್ಪ: ಮತ್ತೆ? ಹಳೇ ಸುದ್ದಿ ಹೇಳಿದ್ರೆ ಪಾಪ ಬರ್ತೈತೆ. ಪ್ರತಿ ಸಲ ಒತ್ತಿ, ಹೊಸದು ನೋಡೇ ಹೇಳೋದು.

ಗಂಗಾಶ್ರೀ: ದಿನಕ್ಕೆ ನಲವತ್ತು ಫೋನು! ಆ ಕಿಟಕಿ ಪುಕ್ಕಟೆ ನಿಜ, ಆದ್ರೆ ತಿಂಗಳಿಗೆ ಸಾವಿರ ಸಲ ಮಾತ್ರ. ಆಮೇಲೆ ಮುಚ್ಚಿಬಿಡ್ತದೆ.

ಹೀಗೆಂದವಳೇ ಏನೋ ಹೊಳೆದು ಪರದೆಯತ್ತ ಬಗ್ಗಿದಳು. ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಸೇವಂತಿಗೆ ಹೂವಿತ್ತು. ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಪೂಜೆಯಾದ ಮೇಲೆ ಕಂಪ್ಯೂಟರಿಗೂ ವಿಭೂತಿ ಹಚ್ಚಿ ಹೂವು ಸಿಕ್ಕಿಸುವುದು ಪಂಚಾಕ್ಷರಪ್ಪನವರ ನೇಮ. ಅವಳು ಹೂವನ್ನು ಎತ್ತಿದಳು. ಅದರ ಅಡಿಯಲ್ಲಿ ಸಣ್ಣ ಕೆಂಪಕ್ಷರದಲ್ಲಿ, ಕೊನೆಯ ಬಾರಿ ಹೊಸ ಮಾಹಿತಿ ಬಂದ ತಾರೀಖು ಇತ್ತು. ಅದು ಮೂರು ದಿನ ಹಳೆಯದು.

ಗಂಗಾಶ್ರೀ: ಅಯ್ಯೋ ಶಿವನೇ... ಇದು ಗುರುವಾರದ್ದು.

ಪಂಚಾಕ್ಷರಪ್ಪ: ಯಾವುದು?

ಗಂಗಾಶ್ರೀ: ಈ ಹತ್ತು ಪರ್ಸೆಂಟು. ಕಿಟಕಿ ಮುಚ್ಚಿ ಮೂರು ದಿನ ಆಯ್ತು. ಪರದೆ ಖಾಲಿ ಕಂಡ್ರೆ ಚೆನ್ನಾಗಿರಲ್ಲ ಅಂತ, ಹೊಸದು ಬರದಿದ್ರೆ ಹಳೇದನ್ನೇ ತೋರಿಸೋ ಹಂಗೆ ನಾನೇ ಮಾಡಿಟ್ಟಿದ್ದೆ.

ಪಂಚಾಕ್ಷರಪ್ಪ: ಅಂದ್ರೆ ಮೂರು ದಿನದಿಂದ ನಾನು ಹೇಳಿದ್ದೆಲ್ಲ...

ಗಂಗಾಶ್ರೀ: ಗುರುವಾರದ ಮಳೆ.

ಉಚ್ಚಂಗಪ್ಪ: ತಂಗೀ, ತಡಿ. ಬೆಳಿಗ್ಗೆ ಎಂಟು ಗಂಟೆಗೆ ಇವರು ಹೇಳಿದ್ರು ಅಂತ ನಾನು ಕಣದ ತುಂಬಾ ಭತ್ತ ಹರವಿ ಬಸ್ ಹತ್ತಿದೀನಿ. ಇವತ್ತಿನ ಮಳೆ ಎಷ್ಟು?

ಗಂಗಾಶ್ರೀ ತನ್ನ ಫೋನಿನಲ್ಲಿ ಹವಾಮಾನದ ಪುಟ ತೆರೆದಳು. ಶಿಕಾರಿಪುರದ ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲಿತ್ತು. ಫೋನಿನಲ್ಲಿ ಸೊರಬದ ಮೇಲೆ ಮಸಿ ಚೆಲ್ಲಿದ ಹಾಗೆ ಮೋಡವಿತ್ತು.

ಗಂಗಾಶ್ರೀ: ಸೈಕ್ಲೋನ್ ಮಳೆಯಂತೆ ಕಾಕಾ. ತೊಂಬತ್ತು ಪರ್ಸೆಂಟು. ಹನ್ನೆರಡೂವರೆಯಿಂದ.

ಉಚ್ಚಂಗಪ್ಪ: ಈಗೆಷ್ಟು ಗಂಟೆ?

ಗಂಗಾಶ್ರೀ: ಹನ್ನೆರಡು.

ಉಚ್ಚಂಗಪ್ಪನವರು ತಡಕಾಡಿ ಫೋನ್ ತೆಗೆದರು. ಅವರು ಮನೆಗೆ ಫೋನ್ ಹಚ್ಚುವ ಮೊದಲೇ ಮನೆಯಿಂದ ಹೆಂಡತಿ ನಿಂಗಮ್ಮನ ಫೋನು ಬಂತು. ಆಕೆಯ ದನಿ ಅಂಗಡಿಗೆಲ್ಲ ಕೇಳುವಂತಿತ್ತು.

ನಿಂಗಮ್ಮ: ಎಲ್ಲಿ ಸತ್ರಿ? ಮೋಡ ಕವಿದು ಕತ್ಲೆ ಆಗದೆ! ಇಷ್ಟು ಭತ್ತ ಒಬ್ಬಳೇ ಹೆಂಗೆ ಮುದುರಲಿ? ಹಾಸಿಗೆ ಹೊದಿಕೆ ಎಲ್ಲ ಹೊಚ್ಚಿದೆ, ಸಾಲಲಿಲ್ಲ. ಪಂಚಾಯ್ತಿ ಎಲೆಕ್ಷನ್‌ಗೆ ನಿಂತಾಗಿನ ನಿಮ್ಮ ಫ್ಲೆಕ್ಸ್ ಹೊಚ್ಚಿದೀನಿ!

ಉಚ್ಚಂಗಪ್ಪ: ಯಾವ ಮಗ್ಗುಲು ಮೇಲೆ ಮಾಡಿದಿ?

ನಿಂಗಮ್ಮ: ನಿಮ್ಮ ಮುಖದ ಮಗ್ಗುಲು! ಸೋತ ಮುಖನಾದ್ರೂ ಇವತ್ತು ಭತ್ತ ಉಳಿಸಲಿ. ತಾಡಪಾಲು ಕಳಿಸ್ರಿ ಬೇಗ!

ಉಚ್ಚಂಗಪ್ಪ: ತಾಡಪಾಲು ಸೊರಬದ ಅಂಗಡೀಲಿ ಅದೆ.

ನಿಂಗಮ್ಮ: ಮತ್ತೆ ತರಿಸ್ರಿ!

ಉಚ್ಚಂಗಪ್ಪ: ಅಂಗಡಿಗೆ ಬೀಗ ಹಾಕಿದೆ.

ನಿಂಗಮ್ಮ: ಬೀಗದ ಕೈ ಯಾರ ಹತ್ರ ಅದೆ?

ಉಚ್ಚಂಗಪ್ಪನವರು ಜೇಬು ಮುಟ್ಟಿಕೊಂಡರು. ಉತ್ತರ ಹೇಳುವ ಧೈರ್ಯ ಸಾಲದೆ ಫೋನ್ ಕಟ್ ಮಾಡಿದರು. ಶಿಕಾರಿಪುರದಿಂದ ಸೊರಬಕ್ಕೆ ಬಸ್ಸು ತಲುಪುವಷ್ಟರಲ್ಲಿ ಭತ್ತ ಮೊಳಕೆ ಬರುತ್ತದೆ.

ಉಚ್ಚಂಗಪ್ಪ: ಬೀಗ ಒಡೆಸಿಬಿಡ್ಲಾ ಮಾರಾಯ್ರೆ?

ಗಂಗಾಶ್ರೀ: ಬೇಡ ಕಾಕಾ. ಇನ್ನೊಂದು ಬೀಗದ ಕೈ ಪಕ್ಕದ ಟೈಲರ್ ಅಂಗಡಿ ಮಹಾದೇವಮ್ಮನ ಹತ್ರ ಇದೆ.

ಪಂಚಾಕ್ಷರಪ್ಪ: ವಾಪಸ್ ಇಸ್ಕಂಡು ಬಾ ಅಂದಿದ್ನಲ್ಲ?

ಗಂಗಾಶ್ರೀ: ಇಸ್ಕೊಳ್ಳೋಕೆ ಮನಸ್ಸು ಬರಲಿಲ್ಲ ಅಪ್ಪಾಜಿ. ಅದನ್ನೂ ಇಸ್ಕೊಂಡ್ರೆ ಅಂಗಡಿ ನಿಜವಾಗಿ ಹೋದಂಗೆ ಅನ್ನಿಸ್ತು.

ಪಂಚಾಕ್ಷರಪ್ಪ ಮಗಳ ಮುಖ ನೋಡಿದರು. ಬೈಯುವ ಬದಲು, ‘ಫೋನ್ ಹಚ್ಚವ್ವ ಆಕೆಗೆ’ ಎಂದರು. ಐದೇ ನಿಮಿಷದಲ್ಲಿ ಮಹಾದೇವಮ್ಮ ಹೊಲಿಗೆ ಬಿಟ್ಟು ಬಾಗಿಲು ತೆಗೆದಳು. ಉಚ್ಚಂಗಪ್ಪನವರ ಊರಿನ ಹುಡುಗ ಪರಶುರಾಮ ಸೊರಬ ಪೇಟೆಯಲ್ಲೇ ಸಿಕ್ಕಿದ. ಅವನ ಬೈಕಿನ ಮೇಲೆ ಎರಡು ತಾಡಪಾಲು ನಿಂಗಮ್ಮನ ಕಣದತ್ತ ಹೊರಟವು.

ಪಂಚಾಕ್ಷರಪ್ಪನವರಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆಯಿಂದ ಫೋನ್ ಮಾಡಿದ ಇಪ್ಪತ್ತೆಂಟು ಜನಕ್ಕೂ ‘ಧೈರ್ಯವಾಗಿ ಹರವ್ರಿ’ ಎಂದಿದ್ದು ಅವರೇ. ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಲು ಕುಳಿತರು. ಮೊದಲ ಕರೆ ಶಾಂತವೀರಪ್ಪನಿಗೆ.

ಪಂಚಾಕ್ಷರಪ್ಪ: ಶಾಂತವೀರಪ್ಪರೇ, ಮಳೆ ಬರ್ತೈತೆ! ಮುದುರ್ರಿ! ಮುದುರಾಕೆ ಆಗದಿದ್ರೆ ಸೊರಬದಾಗೆ ನಮ್ಮ ಅಂಗಡಿ ತೆಗೆದೈತೆ, ತಾಡಪಾಲು ತಗೊಂಡು ಹೋಗ್ರಿ!

ಶಾಂತವೀರಪ್ಪ: ಏನು ಪಂಚಾಕ್ಷರಪ್ಪನೋರೇ, ಇಷ್ಟು ದಿನ ನೀವು ಏನಾದ್ರೂ ತಗೊಳ್ಳಿ ಅಂತ ಹೇಳಿದೋರಲ್ಲ. ಇವತ್ತೇನು ವ್ಯಾಪಾರ ಶುರು ಮಾಡಿದ್ರಾ?

ಪಂಚಾಕ್ಷರಪ್ಪ: ಅಯ್ಯೋ, ವ್ಯಾಪಾರ ಅಲ್ರೀ! ಬೆಳಿಗ್ಗೆ ಹೇಳಿದ್ದು ತಪ್ಪಾತು!

ಶಾಂತವೀರಪ್ಪ: ಎರಡು ತಿಂಗಳಿಂದ ತಪ್ಪದೋರು ಅಂಗಡಿ ಮುಚ್ಚೋ ದಿನ ತಪ್ಪಿದ್ರಾ? ಉಳಿದ ಮಾಲು ಖಾಲಿ ಮಾಡ್ಬೇಕು ಅಂತ ಹೇಳಿ, ನನಗೇನೂ ಬೇಜಾರಿಲ್ಲ.

ಪಂಚಾಕ್ಷರಪ್ಪನವರ ಕಣ್ಣಲ್ಲಿ ನೀರು ಬಂತು. ಮಳೆ ಇಲ್ಲವೆಂದಾಗ ನಂಬಿದ ಜನ, ಇದೆ ಎಂದಾಗ ನಂಬುತ್ತಿಲ್ಲ. ಉಚ್ಚಂಗಪ್ಪನವರು ಫೋನ್ ಕಸಿದುಕೊಂಡರು.

ಉಚ್ಚಂಗಪ್ಪ: ಶಾಂತವೀರಣ್ಣ, ನಾನು ಉಚ್ಚಂಗಪ್ಪ. ನಮ್ಮ ಕಣದ ಮೇಲೆ ಹನಿ ಬೀಳ್ತಾ ಅದೆ ಮಾರಾಯ!

ಶಾಂತವೀರಪ್ಪ: ನೀನು ಎಲ್ಲಿದೀಯ?

ಉಚ್ಚಂಗಪ್ಪ: ಪಂಚಾಕ್ಷರಪ್ಪನೋರ ಅಂಗಡೀಲಿ.

ಶಾಂತವೀರಪ್ಪ: ಅವರು ನಿನ್ನ ಬಾಡಿಗೆದಾರರು, ಅವರ ಮಾಲು ಹೋದ್ರೆ ನಿಂಗೂ ಅನುಕೂಲ. ಇಬ್ರೂ ಕೂತು ಚಾ ಕುಡೀರಿ.

ಅಷ್ಟರಲ್ಲಿ ಗಂಗಾಶ್ರೀಯ ಫೋನಿನಲ್ಲಿ ಮಹಾದೇವಮ್ಮನ ಕೂಗು. ಸೊರಬ ಪೇಟೆಯಲ್ಲಿ ಮಳೆ ಶುರುವಾಗಿದೆ, ಬಾಗಿಲ ಮುಂದೆ ಜನ ನೂಕಾಡುತ್ತಿದ್ದಾರೆ, ಅಳತೆಯ ಟೇಪು ಯಾರದೋ ಕಾಲಿಗೆ ಸುತ್ತಿಕೊಂಡಿದೆ, ಉಳಿದಿರುವುದು ಒಂಬತ್ತು ತಾಡಪಾಲು. ಗಂಗಾಶ್ರೀ ಅಪ್ಪನ ಫೋನ್ ತೆಗೆದುಕೊಂಡಳು.

ಗಂಗಾಶ್ರೀ: ಶಾಂತವೀರಪ್ಪ ಕಾಕಾ, ಮಳೆ ವಿಷಯ ಬಿಡಿ. ಸೊರಬದ ಅಂಗಡೀಲಿ ಉಳಿದಿರೋದು ಒಂಬತ್ತೇ ತಾಡಪಾಲು, ಅಷ್ಟೇ ಹೇಳೋಣ ಅಂತ.

ಶಾಂತವೀರಪ್ಪ: ಒಂಬತ್ತೇನಾ? ತಡಿಯವ್ವ, ತಡಿ! ನನ್ನ ಹೆಸರಲ್ಲಿ ಎರಡು ತೆಗೆದಿಡು! ಯಾರು ಕೇಳಿದ್ರೂ ಕೊಡಬೇಡ!

ಉಳಿದವರಿಗೂ ಅವಳೇ ಫೋನ್ ಮಾಡಿದಳು. ಕೆಲವರು ನಂಬಿ ಮುದುರಿದರು, ಕೆಲವರು ಓಡಿ ಬಂದು ಕೊಂಡರು. ಒಬ್ಬರ ಭತ್ತ ಸ್ವಲ್ಪ ನೆನೆಯಿತು. ಅವರಿಗೆ ಪಂಚಾಕ್ಷರಪ್ಪನವರು ಎರಡು ಸಲ ಕ್ಷಮೆ ಕೇಳಿದರು. ಸುಮಾರು ಒಂದೂವರೆಗೆ ನಿಂಗಮ್ಮನ ಫೋನ್ ಬಂತು. ಭತ್ತ ಉಳಿದಿತ್ತು, ಫ್ಲೆಕ್ಸು ಹರಿದಿತ್ತು. ಉಚ್ಚಂಗಪ್ಪನವರು ನಿಟ್ಟುಸಿರು ಬಿಟ್ಟು, ಜೇಬಿನಿಂದ ಬೀಗದ ಕೈ ತೆಗೆದು ಗಾದಿಯ ಮೇಲಿಟ್ಟರು.

ಉಚ್ಚಂಗಪ್ಪ: ಇದು ನಿಮ್ಮ ಹತ್ರನೇ ಇರ್ಲಿ. ಹೆಂಡ್ತಿ ಹೇಳಿದಾಳೆ, ಇದನ್ನ ತಗೊಂಡು ಬಂದ್ರೆ ಮನೆ ಒಳಗೆ ಸೇರಿಸಲ್ಲಂತೆ.

ಪಂಚಾಕ್ಷರಪ್ಪ: ನನ್ನ ಕೈಗೆ ಬೇಡ್ರಿ. ಅವಳ ಕೈಗೆ ಕೊಡ್ರಿ. ಅಂಗಡಿ ಅವಳದ್ದು. ಮಗಳೇ, ತಪ್ಪು ನನ್ನದು. ನಿನ್ನ ಗೆರೆ ನಾನೇ ತುಳಿದು ಕೂತಿದ್ದೆ.

ಗಂಗಾಶ್ರೀ: ನಂದೂ ತಪ್ಪಿದೆ ಅಪ್ಪಾಜಿ. ತಾರೀಖನ್ನ ದೊಡ್ಡದಾಗಿ ಹಾಕ್ಬೇಕಿತ್ತು.

ಪಂಚಾಕ್ಷರಪ್ಪ: ಇನ್ಮೇಲೆ ಯಾರು ಫೋನ್ ಮಾಡಿದ್ರೂ ಮಳೆ ವಿಷಯ ಬಾಯಿ ಬಿಡಲ್ಲ.

ಉಚ್ಚಂಗಪ್ಪ: ಏ, ಹಂಗಂದ್ರೆ ಹೆಂಗೆ ಮಾರಾಯ್ರೆ? ನಾವು ಆಕಾಶ ನೋಡೋದನ್ನೇ ಮರೆತಿದೀವಿ!

ಗಂಗಾಶ್ರೀ ಪರದೆಯ ಹಿಂದೆ ಬಗ್ಗಿ ವೈರು ಬಿಚ್ಚತೊಡಗಿದಳು.

ಪಂಚಾಕ್ಷರಪ್ಪ: ಏನು ಮಾಡ್ತಿದೀಯವ್ವ?

ಗಂಗಾಶ್ರೀ: ಇದನ್ನ ಸೊರಬಕ್ಕೆ ಒಯ್ತೀನಿ. ಅಂಗಡಿ ಬಾಗಿಲಲ್ಲಿ, ಬೀದಿಗೆ ಕಾಣೋ ಹಂಗೆ ಇಡ್ತೀನಿ. ದಿನಕ್ಕೆ ನಾಲ್ಕೇ ಸಲ ಒತ್ತೋದು. ಮಳೆ ಬರ್ತದೋ ಇಲ್ವೋ ಯಾರಿಗೆ ಬೇಕೋ ಅವರು ಬಂದು ನೋಡ್ಕೊಂಡು ಹೋಗ್ಲಿ, ಪುಕ್ಕಟೆ.

ಉಚ್ಚಂಗಪ್ಪ: ಕುಪ್ಪಗಡ್ಡೆಯಿಂದ ಸೊರಬಕ್ಕೆ ಬಸ್ ಚಾರ್ಜ್ ಕೊಟ್ಟು ಮಳೆ ನೋಡಕ್ಕೆ ಬರ್ಬೇಕಾ? ಅಷ್ಟು ದೂರ ಬಂದ ಮೇಲೆ ಬರಿಗೈಲಿ ವಾಪಸ್ ಹೋಗಕ್ಕೆ ಮನಸ್ಸು ಬರ್ತದೇನು ತಂಗಿ?

ಗಂಗಾಶ್ರೀ: ಅದಕ್ಕೇ ಕಾಕಾ, ಹಗ್ಗನ ಪರದೆ ಪಕ್ಕದಲ್ಲೇ ಇಡೋದು.